ಕೇಳಿ ಕಿತ್ತ ಹೂವು

"ಏಯ್... ನಿಲ್ಲಿ ಅಲ್ಲೇ!"

ಊರ್ಮಿಳಾ ಕೈಯಲ್ಲಿದ್ದ ನೀರಿನ ಪೈಪನ್ನು ಬಂದೂಕಿನ ಹಾಗೆ ಎತ್ತಿ ಹಿಡಿದಿದ್ದಳು.

ಅವಳ ಮನೆಯ ಮುಂದಿನ ದೇವಕಣಗಿಲೆ ಗಿಡದ ಪಕ್ಕದಲ್ಲಿ ನಿಂತಿದ್ದವನು ಬೆಚ್ಚಿಬಿದ್ದು ತಿರುಗಿದ. ನಲವತ್ತು ದಾಟಿದ ಗಂಡಸು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕವರಿನೊಳಗೆ ಅವಳ ಗಿಡದ ಹೂಗಳು!

"ಅಯ್ಯೋ... ಸಾರಿ, ಸಾರಿ..."

ಕೋಪ ಬಂದರೆ ಊರ್ಮಿಳಾಗೆ ಇಂಗ್ಲಿಷು ಬಾಯಿಗೆ ಬರುವುದೇ ಇಲ್ಲ. ಆದರೆ ಎದುರಿನವನೂ ಕನ್ನಡದಲ್ಲೇ ಅಯ್ಯೋ ಅಂದಾಗ ಅವಳ ಮೈಯೆಲ್ಲ ಉರಿದುಹೋಯಿತು.

"ಕನ್ನಡದೋರು ಬೇರೆ! ನಾನು ಪಾಪ ಇಷ್ಟು ದಿನ ಅಳಿಲಿಗೆ ಶಾಪ ಹಾಕ್ತಿದ್ದೆ. ನಾಚಿಕೆ ಆಗಲ್ವೇನ್ರೀ?"

"ಅದು... ದೇವರ ಪೂಜೆಗೆ..."

"ನಿಮ್ಮ ದೇವರಿಗೆ ಕದ್ದ ಹೂವೇ ಆಗ್ಬೇಕಾ?"

"ದೇವರಿಗೆ ಅಂತ ಕಿತ್ರೆ ಅದು ಕಳ್ಳತನ ಅಲ್ಲ ಅಂತ..."

"ಅಂತ ಯಾರು ಹೇಳಿದ್ದು?"

"ಹಾಗೆ... ನಮ್ಮ ಮನೇಲಿ ಹೇಳ್ತಾರೆ."

ಅಷ್ಟೇ! ಅವಳ ಹೆಬ್ಬೆರಳು ಪೈಪಿನ ಗುಂಡಿಯನ್ನು ಒತ್ತಿಬಿಟ್ಟಿತು. ತಣ್ಣನೆಯ ನೀರು ಅವನ ತಲೆಯಿಂದ ಬೂಟಿನವರೆಗೆ ತೊಯ್ಯಿಸಿತು.

ಅವನು ಕನ್ನಡಕ ತೆಗೆದು, ಒದ್ದೆ ಅಂಗಿಯಲ್ಲೇ ಒರೆಸಲು ಹೋಗಿ ಸೋತು, ಮತ್ತೆ ಹಾಕಿಕೊಂಡ. "ನ್ಯಾಯವೇ ಬಿಡಿ. ತಪ್ಪು ನಂದೇ," ಎಂದು ಕವರನ್ನು ಅವಳ ಮುಂದೆ ಇಟ್ಟು ಹೊರಟುಹೋದ.

ಊರ್ಮಿಳಾಗೆ ಕಾಣದ್ದು ಒಂದಿತ್ತು. ಬೀದಿಯ ತಿರುವಿನಲ್ಲಿ, ಒಂದು ವ್ಯಾನಿನ ಹಿಂದೆ, ಮಂಕಿ ಟೋಪಿಯ ಮುದುಕರೊಬ್ಬರು ಉಸಿರು ಬಿಗಿಹಿಡಿದು ನಿಂತಿದ್ದರು. ಹೂ ಕಿತ್ತವರು ಅವರು, ದ್ವಾರಕಾನಾಥರಾಯರು. ವಾಕಿಂಗಿಗೆ ಹೋದ ಅಪ್ಪ ಇನ್ನೂ ಬರಲಿಲ್ಲವಲ್ಲ ಎಂದು ಹುಡುಕಿಕೊಂಡು ಬಂದ ಮಗ ಅಚ್ಯುತನ ಕೈಗೆ ಕವರು ಕೊಟ್ಟು, ಬಾಗಿಲು ತೆಗೆದ ಸದ್ದು ಕೇಳಿದ್ದೇ ತಡ, ಕಾಲಿಗೆ ಬುದ್ಧಿ ಹೇಳಿದ್ದರು. ಎಂಬತ್ತರ ಹತ್ತಿರದ ಅಪ್ಪನನ್ನು ಪರದೇಶದಲ್ಲಿ ಹೂಗಳ್ಳ ಅನ್ನಿಸಲು ಅಚ್ಯುತನಿಗೆ ಮನಸ್ಸು ಬರಲಿಲ್ಲ.

*

ಎರಡು ಹೂವಿಗೆ ಇಷ್ಟೊಂದು ಕೋಪವೇ ಎನ್ನಬೇಡಿ.

ಮದುವೆ ಮುರಿದು, ಎವರ್‌ಗ್ರೀನ್ ಬಡಾವಣೆಯ ಈ ಬಾಡಿಗೆ ಮನೆಗೆ ಬಂದ ಹೊಸತರಲ್ಲಿ ಊರ್ಮಿಳಾ ಆಫೀಸು ಬಿಟ್ಟರೆ ಹಾಸಿಗೆ, ಹಾಸಿಗೆ ಬಿಟ್ಟರೆ ಆಫೀಸು ಎಂದು ದಿನ ನೂಕುತ್ತಿದ್ದಳು. ಆಫೀಸಿನ ಗೆಳತಿಯೊಬ್ಬಳು ಒಂದು ದಿನ ಬಲವಂತದಿಂದ ಹತ್ತಿರದ ಊರು ಹೇವರ್ಡಿಗೆ ಎಳೆದುಕೊಂಡು ಹೋಗಿದ್ದಳು, ಹವಾಯಿಯ ಹುಲಾ ನೃತ್ಯದ ಕ್ಲಾಸಿಗೆ.

ಅಲ್ಲಿ ಕಲಿಸುತ್ತಿದ್ದವರು ಮೋಮಿ ಆಂಟಿ. ತುಂಬು ಮೈಯ, ಬಿಳಿ ಜಡೆಯ ಹೆಂಗಸು. ಮೊದಲ ದಿನ ಅವರು ಹೆಜ್ಜೆ ಕಲಿಸಲೇ ಇಲ್ಲ. ಎಲೆಯಿಲ್ಲದ ಒಂದು ಒಣ ಕಡ್ಡಿಯನ್ನು ಕೈಗಿತ್ತು, "ನೆಟ್ಟು ನೋಡು. ಇದು ಸತ್ತಿಲ್ಲ, ಸುಮ್ಮನೆ ಕೂತಿದೆ," ಎಂದಿದ್ದರು.

ಆ ಕಡ್ಡಿಯೇ ಈ ದೇವಕಣಗಿಲೆ. ಮೊದಲ ಚಿಗುರು ಕಂಡ ದಿನ ಊರ್ಮಿಳಾ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಿದ್ದಳು. ಆಮೇಲೆ ಅದರ ಸುತ್ತ ತುಳಸಿ ಬಂತು, ಕರಿಬೇವು ಬಂತು, ದಾಸವಾಳ ಬಂತು. ಬಿಗಿದುಕೊಂಡಿದ್ದ ಸೊಂಟ ಸಡಿಲವಾಯಿತು. ನೀರು ಹಾಕುವಾಗ ಕೈಗಳು ತಾವಾಗಿ ಅಲೆಯ ಹಾಗೆ ಆಡತೊಡಗಿದವು.

ಮುಂದಿನ ತಿಂಗಳ ಒಂದು ಶನಿವಾರ ಹೇವರ್ಡಿನಲ್ಲಿ ಅವಳ ಮೊದಲ ಒಂಟಿ ನೃತ್ಯ. ಮೋಮಿ ಆಂಟಿಯದು ಒಂದೇ ಕಟ್ಟಳೆ. ವೇದಿಕೆ ಹತ್ತುವವರು ತಮ್ಮ ಹಾರವನ್ನು ತಾವೇ ಕಟ್ಟಿಕೊಳ್ಳಬೇಕು. ಒಂದೊಂದು ಹೂವನ್ನೂ ಕೇಳಿಯೇ ಕಿತ್ತಿರಬೇಕು. ಗಿಡದ ಮುಂದೆ ನಿಂತು, "ತಗೊಳ್ಳಲಾ?" ಎಂದು ಬಾಯಿಬಿಟ್ಟು ಕೇಳಬೇಕು. ಕೇಳದೆ ಕಿತ್ತ ಹೂ ಹಾಕಿಕೊಂಡು ಬಂದವರಿಗೆ ಅಲ್ಲಿ ಕುಣಿಯಲು ಜಾಗವಿಲ್ಲ.

ಕ್ಯುಪರ್ಟಿನೋದಲ್ಲಿದ್ದ ಅಕ್ಕ ಶರಣ್ಯಾಗೆ ಮಾತ್ರ ಇದೆಲ್ಲ ಸೇರುತ್ತಿರಲಿಲ್ಲ.

"ಊರ್ಮಿ, ಸೊಂಟ ಕುಣಿಸೋ ವಯಸ್ಸೇನೇ ಇದು? ಡೈವೋರ್ಸು ಬೇರೆ ಆಗಿದೆ. ನೋಡಿದೋರು ಏನಂತಾರೆ?"

"ಕುರ್ಚಿ ಹಾಕಿರ್ತಾರೆ ಅಕ್ಕ. ಆರಾಮಾಗಿ ಕೂತ್ಕೊಂಡು ಅನ್ಲಿ!"

*

ನೀರು ಬಿದ್ದ ಮರುದಿನವೇ ಬೆಲ್ ಆಯಿತು. ಅವನೇ! ಹೆಗಲ ಮೇಲೆ ಒಂದು ಮೂಟೆ ಗೊಬ್ಬರ.

"ನಾನು ಅಚ್ಯುತ. ಮುಂದಿನ ಬೀದಿಯವನು. ಕೆಲಸ ಗಿಲ್‌ರಾಯ್ ಹತ್ರ, ಬೆಳ್ಳುಳ್ಳಿ ಬೆಳೆಯೋ ಊರು. ಅಲ್ಲಿಂದ ಗೊಬ್ಬರ ತಂದೆ. ನಮ್ಮಪ್ಪನ ಪೂಜೆಗೆ... ಒಂದು ಹೂ ಕೊಡ್ತೀರಾ? ಕೇಳ್ತಾ ಇದ್ದೀನಿ."

ಮೂಟೆಯಿಂದ ಬೆಳ್ಳುಳ್ಳಿಯ ವಾಸನೆ ಹೊಡೆಯುತ್ತಿತ್ತು. ಊರ್ಮಿಳಾ ನಗು ತಡೆದುಕೊಂಡಳು.

"ದಿನಾ ಎರಡು. ನಾನೇ ಕಿತ್ತು ಕೊಡ್ತೀನಿ. ನೀವು ಗಿಡ ಮುಟ್ಟೋ ಹಾಗಿಲ್ಲ."

"ದೂರದಿಂದ ನೋಡ್ಬಹುದಾ?"

"ಗಿಡಾನ ತಾನೇ?"

ಅಚ್ಯುತನ ಕಿವಿ ಕೆಂಪಾಯಿತು.

ಹೀಗೆ ಶುರುವಾದದ್ದು ದಿನದ ಪದ್ಧತಿಯಾಯಿತು. ಬೆಳಗಿನ ಕಾಫಿಯ ಲೋಟ ಹಿಡಿದು ಅವಳು ಗೇಟಿನ ಒಳಗೆ, ಅವನು ಗೇಟಿನ ಹೊರಗೆ. ಹೆಂಡತಿ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪನ ಮಂತ್ರ, ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಸದ್ದೇ ಇಲ್ಲವೆಂದು ಅವನು ಒಂದು ದಿನ ಹೇಳಿದ. ಅವಳು ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು. ಅವತ್ತಿನಿಂದ ಅವನೂ ಗೇಟಿನ ಒಳಗೆ.

"ಈ ಕೈ ಏನು ಹೇಳತ್ತೆ?" ಒಂದು ದಿನ ಅವಳ ಅಭ್ಯಾಸ ನೋಡುತ್ತ ಅವನು ಕೇಳಿದ.

"ಸಮುದ್ರ. ಇದು ಗಾಳಿ. ಇದು... ಮನೆಗೆ ಬಾ ಅಂತ."

ಅವನೂ ಕೈ ಆಡಿಸಿದ.

"ರೀ, ಅದು ಸಮುದ್ರ ಅಲ್ಲ. ದೋಸೆ ಹುಯ್ತಾ ಇದ್ದೀರಾ!"

ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು ಬಂತು. ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ!

"ಮತ್ತೆ ನಿಮ್ಮ ಬಲಗಿವಿ ಮೇಲೆ ದಿನಾ ಒಂದು ಹೂ ಇರತ್ತಲ್ಲ, ಯಾಕೆ?"

"ಅವರ ಕಡೆ ಪದ್ಧತಿ. ಬಲಗಿವಿಗೆ ಮುಡಿದ್ರೆ ಒಂಟಿ ಅಂತ. ಎಡಗಿವಿಗೆ ಮುಡಿದ್ರೆ... ಮನಸ್ಸು ಕೊಟ್ಟಾಗಿದೆ ಅಂತ."

"ಓ..." ಎಂದ ಅಚ್ಯುತ. ಕಾಫಿ ಮುಗಿದು ಎಷ್ಟೋ ಹೊತ್ತಾದರೂ ಖಾಲಿ ಲೋಟವನ್ನು ಕುಡಿಯುತ್ತಲೇ ಇದ್ದ.

*

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಶನಿವಾರ ನೃತ್ಯ.

ರಾತ್ರಿಯೆಲ್ಲ ಅಭ್ಯಾಸ ಮಾಡಿ ಮಲಗಿದ್ದ ಊರ್ಮಿಳಾ ತಡವಾಗಿ ಎದ್ದು ಬಾಗಿಲು ತೆಗೆದಳು.

ಗಿಡ ಬೋಳಾಗಿತ್ತು. ಹಾರಕ್ಕೆಂದು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ಗೊಂಚಲುಗಳಲ್ಲಿ ಒಂದು ಹೂವೂ ಇರಲಿಲ್ಲ. ಕಿತ್ತ ತೊಟ್ಟುಗಳಿಂದ ಹಾಲು ಒಸರುತ್ತಿತ್ತು.

ಕಾಲಿಗೆ ಚಪ್ಪಲಿಯಿಲ್ಲದೆ ಅವಳು ಮುಂದಿನ ಬೀದಿಗೆ ನಡೆದಳು. ಅಚ್ಯುತ ಬಾಗಿಲು ತೆಗೆದ.

"ಯಾರು ಕಿತ್ತಿದ್ದು?"

ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅವನ ಕಣ್ಣು ಒಳಗೆ, ದೇವರ ಮುಂದೆ ಗಂಟೆ ಆಡಿಸುತ್ತಿದ್ದ ಅಪ್ಪನ ಬೆನ್ನಿನ ಮೇಲೆ ಹೋಯಿತು. ಗೂಟಕ್ಕೆ ನೇತುಹಾಕಿದ್ದ ಪ್ಲಾಸ್ಟಿಕ್ ಕವರಿನ ಮೇಲೆ ಹೋಯಿತು. *ಹಬ್ಬ ಅಂತ ಮತ್ತೆ ಕೈ ಹಾಕಿಬಿಟ್ಟರಾ ಅಪ್ಪಾ...*

"ಊರ್ಮಿಳಾ... ನಾನೇ ಕಿತ್ತೆ."

"ನೀವಾ?"

ಅವನು ತಲೆ ತಗ್ಗಿಸಿದ.

"ನಾಳೆ ಏನು ಅಂತ ಗೊತ್ತಿತ್ತು ನಿಮಗೆ. ಗೊತ್ತಿದ್ದೂ! ಕೈ ಚಾಚಿದ್ರೆ ನಾನೇ ಕೊಡ್ತಿದ್ನಲ್ರೀ! ಒಂಟಿ ಹೆಂಗಸಿನ ಅಂಗಳ ಅಂದ್ರೆ ಎಲ್ರಿಗೂ ಅಷ್ಟು ಸದರ ಅಲ್ವಾ? ಇನ್ಮೇಲೆ ನನ್ನ ಗೇಟಿನ ಹತ್ರ ಕಾಣಿಸ್ಕೋಬೇಡಿ!"

ಹಿಂದಿರುಗುವಾಗ ಹೂ ಹೋದದ್ದಕ್ಕಿಂತ, ಹೋದದ್ದು ಅವನ ಕೈಯಿಂದ ಎನ್ನುವುದೇ ಅವಳಿಗೆ ಹೆಚ್ಚು ನೋಯುತ್ತಿತ್ತು.

*

ಸಂಜೆ ಅಕ್ಕನ ಮನೆಗೆ ಊಟ. ಏಳಕ್ಕೆ ಬಾ ಎಂದಿದ್ದಳು ಶರಣ್ಯಾ. ಮನೆಯಲ್ಲಿ ಕೂರಲಾರದೆ ಊರ್ಮಿಳಾ ಆರಕ್ಕೇ ಹೋದಳು.

ಹಾಲ್‌ನ ತುಂಬ ರೇಷ್ಮೆ ಸೀರೆಗಳು. ಹೆಂಗಸರೆಲ್ಲ ಸಾಲಾಗಿ ಕೂತು ಅರಿಶಿನ ಕುಂಕುಮ ತೆಗೆದುಕೊಳ್ಳುತ್ತಿದ್ದರು. ಎದುರಿಗೆ ಕಲಶದ ಲಕ್ಷ್ಮಿ. ಲಕ್ಷ್ಮಿಯ ಕೊರಳಲ್ಲಿ...

ಊರ್ಮಿಳಾ ಕಲ್ಲಾಗಿ ನಿಂತಳು.

"ಅಕ್ಕಾ, ಈ ಹೂ?"

"ನಿನ್ನ ಗಿಡದ್ದೇ ಕಣೇ!" ಶರಣ್ಯಾ ಸಡಗರದಿಂದ ಬಂದಳು. "ಬೆಳಿಗ್ಗೆ ಬೇಗ ಬಂದಿದ್ದೆ, ನೀನಿನ್ನೂ ಮಲಗಿದ್ದೆ. ಎಬ್ಬಿಸೋದು ಯಾಕೆ ಅಂತ ನಾನೇ ಕಿತ್ಕೊಂಡೆ. ತಂಗಿ ಮನೆ ಹೂವಿಗೆ ಕೇಳೋದೇನಿದೆ? ಎಷ್ಟು ಚೆನ್ನಾಗಿ ಕಾಣ್ತಿದೆ ನೋಡು!"

ಅಷ್ಟರಲ್ಲಿ ಶರಣ್ಯಾಳ ಅತ್ತೆ ತಟ್ಟೆ ಹಿಡಿದು ಬಂದವರು, ಊರ್ಮಿಳಾಳನ್ನು ಕಂಡು ತಟ್ಟೆಯನ್ನು ಮೆಲ್ಲಗೆ ಆಚೆಗೆ ತಿರುಗಿಸಿದರು. "ಬೇಗ ಬಂದ್ಯೇನಮ್ಮಾ? ಇದು ಮುತ್ತೈದೆಯರಿಗೆ... ನೀನು ಒಳಗೆ ಕೂತಿರು, ಊಟಕ್ಕೆ ಕರೀತಾರೆ."

ಏಳಕ್ಕೆ ಬಾ ಎಂದದ್ದು ಏಕೆಂದು ಊರ್ಮಿಳಾಗೆ ಆಗ ತಿಳಿಯಿತು. ಅವಳು ಕೂಗಾಡಲಿಲ್ಲ. ದನಿ ತಣ್ಣಗಿತ್ತು. ಅದಕ್ಕೇ ಕೂತವರೆಲ್ಲ ಅವಳ ಕಡೆ ತಿರುಗಿದರು.

"ನನ್ನ ಹೂ ಬೇಕು. ನಾನು ಬೇಡ. ಅಲ್ವಾ ಅಕ್ಕ?"

"ಊರ್ಮಿ... ಎಲ್ರೂ ಇದ್ದಾರೆ..."

"ಎಲ್ರೂ ಕೇಳ್ಲಿ. ನಾನು ಮುಟ್ಟಿ, ನೀರು ಹಾಕಿ, ಮಗು ಹಾಗೆ ಸಾಕಿದ ಹೂ ಲಕ್ಷ್ಮಿ ಕೊರಳಿಗೆ ಆಗತ್ತೆ. ಒಂದು ಚಿಟಿಕೆ ಕುಂಕುಮ ನನ್ನ ಹಣೆಗೆ ಆಗಲ್ಲ. ಇದು ಲಕ್ಷ್ಮಿ ಹೇಳಿದ್ದಾ, ನೀವು ಹೇಳಿದ್ದಾ?"

ಅವಳು ತಿರುಗಿ ಹೊರಗೆ ನಡೆದಳು.

ಕಾರಿನ ಹತ್ತಿರ ಶರಣ್ಯಾ ಓಡಿಬಂದಳು. ಕೈಯಲ್ಲಿ ಕುಂಕುಮದ ಬಟ್ಟಲು, ಕಣ್ಣಲ್ಲಿ ನೀರು. "ತಗೋ ಊರ್ಮಿ. ತಪ್ಪಾಯ್ತು ಕಣೇ."

"ಹೀಗೆ ಬೀದೀಲಿ ಬೇಡ ಅಕ್ಕ. ಇನ್ನೊಂದು ದಿನ, ಅದೇ ಹಾಲ್‌ನಲ್ಲಿ, ಎಲ್ಲರ ಮುಂದೆ ಕೊಡು. ಆವತ್ತು ತಗೋತೀನಿ."

ಫ್ರೀವೇಗೆ ಹತ್ತಿದ ಮೇಲೆ ಅವಳಿಗೆ ಇನ್ನೊಂದು ಮಾತು ಹೊಳೆಯಿತು.

*ಅಚ್ಯುತ ಕಿತ್ತಿರಲಿಲ್ಲ. ಮತ್ತೆ ಯಾಕೆ ನಾನೇ ಅಂದರು?*

*

ಬೀದಿಗೆ ತಿರುಗಿದಾಗ ಇನ್ನೂ ಬೆಳಕಿತ್ತು. ಮಂಕಿ ಟೋಪಿಯ ಮುದುಕರೊಬ್ಬರು ಯಾರದೋ ಮನೆಯ ಬೆಲ್ ಒತ್ತಿ ಕೈಮುಗಿದು ನಿಂತಿದ್ದರು. ಬಾಗಿಲು ತೆಗೆದ ಚೀನೀ ಅಜ್ಜಿ ನಗುತ್ತ ತನ್ನ ಗುಲಾಬಿ ಗಿಡದ ಕಡೆ ಕೈ ತೋರಿಸಿದಳು.

ಊರ್ಮಿಳಾ ಕಾರು ನಿಲ್ಲಿಸಿ ಇಳಿದಳು.

"ನೀನೇ ಏನಮ್ಮಾ ಊರ್ಮಿಳಾ?" ದ್ವಾರಕಾನಾಥರಾಯರು ಟೋಪಿ ತೆಗೆದರು. "ಆವತ್ತು ನೀರು ಬೀಳ್ಬೇಕಾಗಿದ್ದು ನನ್ನ ತಲೆ ಮೇಲೆ. ಕಳ್ಳ ನಾನು. ಮೈಸೂರಲ್ಲಿ ಹುಡುಗನಾಗಿದ್ದಾಗಿಂದ ಕಾಂಪೌಂಡು ಹಾರಿ ಪೂಜೆ ಹೂ ತಂದ ಕೈ ಇದು. ಆದ್ರೆ ಇವತ್ತು ಕಿತ್ತಿದ್ದು ನಾನಲ್ಲ ತಾಯಿ, ದೇವರಾಣೆ! ನೀನು ಬೈದು ಹೋದ್ಮೇಲೆ ಆ ಪೆದ್ದ ನನ್ನ ಮುಖ ನೋಡ್ತಾನೆ, ನಾನು ಅವನ ಮುಖ ನೋಡ್ತೀನಿ..."

"ಗೊತ್ತಾಯ್ತು ಅಂಕಲ್. ನಮ್ಮಕ್ಕ."

"ಕೇಳಿ ತಂದ ಹೂವೇ ಆಗ್ಬೇಕಂತಲ್ಲ ನಿಮ್ಮ ಗುರುಗಳಿಗೆ? ಅದಕ್ಕೇ ಮನೆಮನೆ ಬೆಲ್ ಒತ್ತಿದೆ. ಪ್ಲೀಸ್, ಫ್ಲವರ್, ಮೈ ಡಾಟರ್ ಡ್ಯಾನ್ಸ್! ಯಾರೂ ಇಲ್ಲ ಅನ್ನಲಿಲ್ಲ ಕಣಮ್ಮ. ಇಷ್ಟು ಸುಲಭ ಅಂತ ಗೊತ್ತಿದ್ದಿದ್ರೆ ಇಷ್ಟು ವರ್ಷ ಯಾಕೆ ಕದೀತಿದ್ದೆ!"

ಕವರಿನೊಳಗೆ ಗುಲಾಬಿ, ದಾಸವಾಳ, ಬೊಗಸೆ ಮಲ್ಲಿಗೆ. ಮೈ ಡಾಟರ್ ಎಂದವರ ಕೈಯಿಂದ ಊರ್ಮಿಳಾ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡಳು.

*

ಶನಿವಾರ ಬೆಳಿಗ್ಗೆ, ಕಟ್ಟಿ ಮುಗಿದ ಹಾರ ಊರ್ಮಿಳಾಳ ಕೊರಳಲ್ಲಿತ್ತು. ಅವಳು ಕಟ್ಟುವಾಗ ಒಂದೊಂದೇ ಹೂ ಎತ್ತಿಕೊಟ್ಟ ರಾಯರು ಆಗಲೇ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಅಚ್ಯುತ ಮಾತ್ರ ಗೇಟಿನ ಹೊರಗೇ ನಿಂತಿದ್ದ. ಹತ್ತಿರ ಬರಬೇಡ ಎಂದಿದ್ದಳಲ್ಲ!

"ಒಳಗೆ ಬನ್ನಿ. ನಿಮ್ಮ ಮೇಲೆ ಇನ್ನೂ ಕೋಪ ಇದೆ ನನಗೆ."

"ಇರ್ಬೇಕಾದ್ದೇ."

"ಯಾಕ್ರೀ ಸುಳ್ಳು ಹೇಳಿದ್ರಿ? ಒಂದು ದಿನವೆಲ್ಲ ನಿಮ್ಮನ್ನ ದ್ವೇಷ ಮಾಡ್ಬೇಕು ಅಂತ ಒದ್ದಾಡಿದ್ದೀನಿ! ಅಕ್ಕ ಕೇಳದೆ ಹೂ ಕಿತ್ಲು. ನೀವು ಕೇಳದೆ ನನ್ನ ನಂಬಿಕೆ ಕಿತ್ರಿ. ನಿಜ ಹೇಳಿದ್ರೆ ಅಪ್ಪನ್ನ ನಾನು ಕ್ಷಮಿಸ್ತಿರ್ಲಿಲ್ಲ ಅಂದ್ಕೊಂಡ್ರಾ?"

ಅಚ್ಯುತ ಗೇಟು ದಾಟಿ ಒಳಗೆ ಬಂದ.

"ಹೌದು. ನಿಮ್ಮ ಪರವಾಗಿ ನಾನೇ ತೀರ್ಮಾನ ಮಾಡಿಬಿಟ್ಟೆ. ಇನ್ಯಾವತ್ತೂ ಮಾಡಲ್ಲ. ಕೇಳ್ತೀನಿ."

ಅವನು ಗಿಡದ ಹಿಂಬದಿಗೆ ಹೋದ. ಅಲ್ಲಿ, ಗೋಡೆಯ ಕಡೆ ಬಾಗಿದ ಕೊಂಬೆಯಲ್ಲಿ, ಶರಣ್ಯಾಳ ಕಣ್ಣಿಗೆ ಬೀಳದ ಒಂದು ಮೊಗ್ಗು ಅಂದು ಬೆಳಿಗ್ಗೆ ಬಿರಿದಿತ್ತು. ಅವನು ಕೈಕಟ್ಟಿ, ಶಾಲೆಯ ಹುಡುಗನ ಹಾಗೆ ನಿಂತ.

"ಗಿಡವೇ... ಒಂದೇ ಒಂದು ಹೂ. ತಗೊಳ್ಳಲಾ?"

ಎಲೆಗಳು ಗಾಳಿಗೆ ಆಡಿದವು.

"ತಗೋ ಅಂತಿದೆ," ಎಂದಳು ಊರ್ಮಿಳಾ, ನಗು ಬಾರದ ಹಾಗೆ ತುಟಿ ಕಚ್ಚಿಕೊಂಡು.

ಅವನು ಹೂ ಕಿತ್ತು ಅವಳ ಮುಂದೆ ಬಂದ.

"ಇನ್ನೊಂದು ಕೇಳೋದಿದೆ. ಗಿಡಾನ ಅಲ್ಲ."

"ಕೇಳಿ."

"ಇದನ್ನ... ಯಾವ ಕಿವಿಗೆ ಮುಡಿಸ್ಲಿ?"

ಕಾರಿನಲ್ಲಿ ರಾಯರು ಕೆಮ್ಮಿ, ಬೇಕೆಂದೇ ಇನ್ನೊಂದು ಕಿಟಕಿಯ ಕಡೆ ತಿರುಗಿಕೊಂಡರು.

ಊರ್ಮಿಳಾ ಬಲಗಿವಿಯ ಮೇಲಿದ್ದ ಒಣಗಿದ ಹೂವನ್ನು ತೆಗೆದು ಗಿಡದ ಬುಡದ ಮಣ್ಣಿಗೆ ಇಟ್ಟಳು. ಕಣ್ಣು ಮುಚ್ಚಿದಳು. ನಿಧಾನವಾಗಿ ಮುಖ ತಿರುಗಿಸಿ, ಎಡಗಿವಿಯನ್ನು ಅವನ ಕಡೆಗೆ ಒಡ್ಡಿದಳು.

"ಬೇಗ ಮುಡಿಸಿ... ಹೊತ್ತಾಗತ್ತೆ."

"ಊರ್ಮಿಳಾ... ನಿಜವಾಗ್ಲೂ?"

"ದಿನಾ ಕೇಳಿ. ದಿನಾ ಹೇಳ್ತೀನಿ."