ಒಂಬತ್ತು ಇಪ್ಪತ್ತಕ್ಕೆ ನಿಂತ ಸರ್ವರ್

ಮುಖ್ಯ ಸರ್ವರ್ ಸತ್ತಿತ್ತು. ಅದರಲ್ಲಿ ನಿಗೂಢವೇನಿಲ್ಲ—ಮುಪ್ಪು. ನಿಗೂಢವಿದ್ದದ್ದು, ಅದು ಸತ್ತಾಗ ಕೆಲಸ ವಹಿಸಿಕೊಳ್ಳಬೇಕಾದ ಪಕ್ಕದ ಸ್ಟ್ಯಾಂಡ್‌ಬೈನಲ್ಲಿ. ಮುಖ್ಯ ಸರ್ವರ್ ಕಳಿಸುವ ಲಾಗ್—ಪ್ರತಿ ಬದಲಾವಣೆಯ ದಿನಚರಿ—ಓದಿ, ಪ್ರತಿಯೊಂದು ದಾಖಲೆಯನ್ನೂ ನಕಲು ಮಾಡಿಕೊಳ್ಳಬೇಕಿದ್ದ ಆ ಪೆಟ್ಟಿಗೆಯಲ್ಲಿ ಎಪ್ಪತ್ತು ನಿಮಿಷ ಕಾಣೆಯಾಗಿತ್ತು. ಗೋಡೆ ಗಡಿಯಾರದಲ್ಲಿ ಹತ್ತೂವರೆ. ಪೆಟ್ಟಿಗೆಯ ಪಾಲಿಗೆ ಇನ್ನೂ ಒಂಬತ್ತು ಇಪ್ಪತ್ತು.

ಆಸ್ಪತ್ರೆಯ ರಕ್ತನಿಧಿಯಿಂದ ಟೆಕ್ನಿಷಿಯನ್ ಫೋನಿನಲ್ಲಿ ಕೂಗುತ್ತಿದ್ದ.

"ಬಾಣಂತಿ ಆಪರೇಷನ್ ಟೇಬಲ್ ಮೇಲಿದ್ದಾಳೆ! ಅವಳಿಗೆ ಹೊಂದೋ ನಾಲ್ಕು ರಕ್ತದ ಚೀಲಗಳ ನಂಬರ್ ಹತ್ತು ಗಂಟೆಗೆ ಕಂಪ್ಯೂಟರಿಗೆ ಹಾಕಿದ್ದೆ—ಎಲ್ಲಿ ಹೋಯ್ತು? ಮತ್ತೆ ಪರೀಕ್ಷೆ ಅಂದ್ರೆ ಮುಕ್ಕಾಲು ಗಂಟೆ. ಅಷ್ಟೊತ್ತು ತಡ್ಕೊಳ್ಳಲ್ಲ!"

ಸರ್ವರ್ ಕೋಣೆಯ ಕಿರಿಯ ಎಂಜಿನಿಯರ್ ನಾನು; ಹಿರಿಯರನ್ನು ಕರೆದೆ. ಹಿರಿಯ ಎಂಜಿನಿಯರ್ ಬಂದು ಕುರ್ಚಿ ಎಳೆದುಕೊಂಡರು. ತಪ್ಪು ಹುಡುಕುವ ಅವರ ಚುರುಕು ನೋಡಿ ನಾವು ಬೆನ್ನ ಹಿಂದೆ 'ಅತ್ತೆ' ಅನ್ನುತ್ತೇವೆ.

"ಕೇಬಲ್ ಕೈಕೊಟ್ಟಿರ್ಬೇಕು ಮೇಡಂ."

"ಹಾಗಿದ್ರೆ ಲಾಗ್ ಬರ್ತಿರ್ಲಿಲ್ಲ. ನೋಡು, ಹತ್ತೂವರೆವರೆಗಿನದೂ ಬಂದು ಬಿದ್ದಿದೆ. ಇದು ತೆಗೆದು ಓದಿಲ್ಲ ಅಷ್ಟೇ."

"ಡಿಸ್ಕ್?"

"ಕೈಕಟ್ಟಿ ಕೂತಿದೆ. ಕೆಲಸದ ಭಾರ ಅಲ್ಲ ಕಣೋ, ಇದು ಯಾರಿಗೋ ಕಾಯ್ತಿದೆ." ಅವರು ನನ್ನತ್ತ ತಿರುಗಿದರು. "ಒಂಬತ್ತು ಇಪ್ಪತ್ತಕ್ಕೆ ಇಲ್ಲಿ ಪಟ್ಟಿ ತೆರೆದು ಓದ್ತಿದ್ದವರು ಯಾರು?"



"ನಾನೇ... ತಿಂಗಳ ವರದಿಗೆ ದಾನಿಗಳ ಪಟ್ಟಿ."

"ಮುಚ್ಚಿದ್ಯಾ?"

"ತಿಂಡಿಗೆ ಹೋಗಿಬಿಟ್ಟೆ."

"ಅಲ್ಲಿದೆ ನೋಡು. ಆ ಪಟ್ಟಿಯ ಹಳೇ ಸಾಲುಗಳನ್ನ ಮುಖ್ಯ ಸರ್ವರ್ ಅಳಿಸಿತು. ಇಲ್ಲೂ ಅಳಿಸು ಅಂತ ಲಾಗ್ ಬಂತು. ನೀನು ಓದ್ತಾ ಇದ್ದೀಯ ಅಂತ ಇದು ಕೈ ತಡೆದು ನಿಂತಿತು. ಹಿಂದೆ ಬಂದದ್ದೂ ಸಾಲಾಗಿ ನಿಂತಿತು. ಓದೋರನ್ನ ಎಬ್ಬಿಸ್ಬೇಡ ಅಂತ ಇದಕ್ಕೆ ಕಲಿಸಿದವಳು ನಾನು. ಅರ್ಧ ತಪ್ಪು ನಂದು. ಮುಚ್ಚು!"

ಮುಚ್ಚಿದೆ.

ಒಂಬತ್ತು ಇಪ್ಪತ್ತು ಕದಲಿತು. ಒಂಬತ್ತೂವರೆ—ಹತ್ತು—ಹತ್ತೂವರೆ! ಇಡೀ ಆಸ್ಪತ್ರೆಯ ಎಪ್ಪತ್ತು ನಿಮಿಷ, ಒಂದು ಸಾಲೂ ತಪ್ಪದೆ, ಬಂದ ಕ್ರಮದಲ್ಲೇ ಕಣ್ಣೆದುರು ತುಂಬಿಕೊಂಡಿತು. ನನ್ನಂಥ ಮರೆಗುಳಿಗಾಗಿ ಒಂದು ಯಂತ್ರ ಇಷ್ಟು ಹೊತ್ತು ಕಾದಿತ್ತೇ? ಏನನ್ನೂ ಕಳೆಯದೆ?

"ಸಿಕ್ತು!" ಫೋನಿನಲ್ಲಿ ಟೆಕ್ನಿಷಿಯನ್. "ನಾಲ್ಕೂ ನಂಬರ್ ಇದೆ. ಚೀಲ ಕಳಿಸ್ತಿದ್ದೀನಿ!"

ನಾನು ಅತ್ತುಬಿಟ್ಟೆ. ಅತ್ತೆ ಕೀಬೋರ್ಡನ್ನು ನನ್ನತ್ತ ತಳ್ಳಿದರು.

"ಅಳೋದು ಆಮೇಲೆ," ಅಂದರು. "ಇನ್ನೂ ಏನೇನು ತೆರೆದಿಟ್ಟಿದ್ದೀಯ, ಅದನ್ನ ಹೇಳು."