ಹಿಂದಿನ ರೂಮಿನ ರೂಟರ್

ನನ್ನ ಗಂಡ ಡ್ಯೂಟಿ ಮುಗಿಸಿ ಬಂದವನೇ, ಯಾರೋ ಬಿಸಾಕಲಿದ್ದ ಹಳೇ ರೂಟರ್ ಒಂದನ್ನು ನನ್ನ ಕೈಗಿಟ್ಟ. "ನಾಳೆಯಿಂದ ನೀನು ಅಡುಗೆಮನೇಲಿ ಕೂತು ಪಾಠ ಮಾಡೋದು ಬೇಡ" ಅಂದ. ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

ನಾನು ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುವವಳು. ಹಿಂದಿನ ರೂಮಿಗೆ ವೈಫೈ ಬರುವುದಿಲ್ಲ, ನಡುವೆ ದಪ್ಪ ಗೋಡೆಗಳು. ಹಾಲ್‌ನಲ್ಲಿ ಅತ್ತೆಯ ಸೀರಿಯಲ್. ಹಾಗಾಗಿ ಅಡುಗೆಮನೆಯ ಮೋಟು ಸ್ಟೂಲಿನ ಮೇಲೆ ಸಂಜೆಯೆಲ್ಲ ಭಿನ್ನರಾಶಿ.

ಅವನು ಆಸ್ಪತ್ರೆಯಲ್ಲಿ ನರ್ಸ್. ಅದೇ ಹೊತ್ತಿಗೆ ಬಂದು, ಕ್ಯಾಮೆರಾಕ್ಕೆ ಬೀಳದ ಹಾಗೆ ಬಗ್ಗಿ ಬಗ್ಗಿ ಓಡಾಡುತ್ತ ಅಡುಗೆ ಮಾಡುತ್ತಾನೆ. ಯಾವುದಾದರೂ ಮಗು ತಪ್ಪು ಉತ್ತರ ಹೇಳಿದರೆ ಅವನ ಒಂದು ಹುಬ್ಬು ಮೇಲೇರುತ್ತದೆ. ನಾನು ನಗು ನುಂಗಿಕೊಂಡು ಪಾಠ ಮುಂದುವರಿಸಬೇಕು. ಆಮೇಲೆ ಇಬ್ಬರಿಗೂ ಮಾತಿಗೂ ತ್ರಾಣವಿರುವುದಿಲ್ಲ, ಊಟ ಮಾಡಿ ಬಿದ್ದುಕೊಳ್ಳುತ್ತೇವೆ. ನಮಗೆ ಅಂತ ಇದ್ದದ್ದು ಆ ಸಂಜೆ ಒಂದೇ. ಅದೂ ಇವನಿಗೆ ಸಾಕಾಯಿತಲ್ಲ ಅಂದುಕೊಂಡೆ. ಜಗಳ ಆಡುವುದಕ್ಕೂ ಸುಸ್ತು.

ಅವನು ಹಾಲ್‌ನ ರೂಟರಿಂದ ಹಿಂದಿನ ರೂಮಿಗೆ ಕೇಬಲ್ ಎಳೆದ. ಎರಡನೆಯದನ್ನು ಆನ್ ಮಾಡಿದ್ದೇ ತಡ, ಮನೆಯ ನೆಟ್ಟೆಲ್ಲ ಬಿದ್ದುಹೋಗಿ ಅತ್ತೆಯ ಸೀರಿಯಲ್ ನಿಂತಿತು. ನೋಡಿದರೆ ಎರಡು ರೂಟರಿಗೂ ಒಂದೇ ನೆಟ್ ಅಡ್ರೆಸ್, ಮನೆಯವರ ಫೋನಿಗೆಲ್ಲ ಅಡ್ರೆಸ್ ಹಂಚುವ ಯಜಮಾನಿಕೆಯೂ ಎರಡಕ್ಕೂ ಬೇಕು. ನಾನೇ ಕೂತು ಎರಡನೆಯದಕ್ಕೆ ಬೇರೆ ಅಡ್ರೆಸ್ ಕೊಟ್ಟು, ಅದರ ಹಂಚುವ ಕೆಲಸ ಆಫ್ ಮಾಡಿದೆ. ಒಂದು ಮನೆಗೆ ಒಬ್ಬ ಯಜಮಾನಿ ಸಾಕಮ್ಮ ಎಂದು ಅತ್ತೆ ಹಾಲ್‌ನಿಂದಲೇ ತೀರ್ಪು ಕೊಟ್ಟರು.

ಮಾರನೇ ದಿನ ಒಳ್ಳೆಯ ಕುರ್ಚಿ, ಮುಚ್ಚಿದ ಬಾಗಿಲು, ತುಂಬಿದ ಸಿಗ್ನಲ್. ಒಬ್ಬ ಹುಡುಗಿ ಅರ್ಧಕ್ಕೆ ಅರ್ಧ ಕೂಡಿದರೆ ಕಾಲು ಅಂದಳು. ನಾನು ತಲೆಯೆತ್ತಿ ನೋಡಿದೆ, ಎದುರಿಗೆ ಬರೀ ಗೋಡೆ.

ಕ್ಲಾಸ್ ಮುಗಿಸಿ ಅಡುಗೆಮನೆಯ ಬಾಗಿಲಿಗೆ ಬಂದೆ. ಅವನು ನನ್ನನ್ನು ನೋಡಿರಲಿಲ್ಲ. ಪಾತ್ರೆ ಹಿಡಿದುಕೊಂಡು, ಖಾಲಿ ಸ್ಟೂಲಿನ ಮುಂದೆ ಬಗ್ಗಿ ದಾಟಿದ. ತಿರುಗಿ ಬರುವಾಗಲೂ ಬಗ್ಗಿದ.

"ಇಲ್ಲಿ ಕ್ಯಾಮೆರಾ ಇಲ್ವಲ್ಲೋ" ಅಂದೆ.

ಅವನು ನಾಚಿಕೊಂಡು ನೆಟ್ಟಗಾದ. ಅಭ್ಯಾಸ ಅಂದ.

"ಮತ್ತೆ ಯಾಕೆ ನನ್ನ ಇಲ್ಲಿಂದ ಓಡಿಸ್ದೆ?"

"ನಿದ್ದೇಲಿ ಸೊಂಟ ಹಿಡ್ಕೊಂಡು ನರಳ್ತೀಯ, ಟೀಚರ್. ದಿನಾ ಊರವರ ನೋವೆಲ್ಲ ನೋಡಿ ಬರ್ತೀನಿ. ನಿಂದು ಮಾತ್ರ ನೋಡಕ್ಕಾಗಲ್ಲ."

ಅವನ ಕಣ್ಣ ಕೆಳಗಿನ ಕಪ್ಪು ಆಗಲೇ ನನಗೆ ಸರಿಯಾಗಿ ಕಂಡದ್ದು.

"ಸೊಂಟ ನೋಯ್ಲಿ ಬಿಡು" ಅಂದೆ. "ನಿನ್ನ ನೋಡಕ್ಕೆ ನಂಗಿರೋದು ಅದೊಂದೇ ಹೊತ್ತು."

ಅವನು ಒಲೆ ಆರಿಸಿ, ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದು ನಿಂತ.

ಮರುದಿನ ಕ್ಲಾಸ್ ಶುರುವಾದ ಸ್ವಲ್ಪ ಹೊತ್ತಿಗೆ ರೂಮಿನ ಬಾಗಿಲು ಮೆಲ್ಲಗೆ ತೆರೆಯಿತು. ತರಕಾರಿ, ಚಾಕು, ತಟ್ಟೆ ಎಲ್ಲ ಹೊತ್ತು, ಬಗ್ಗಿಕೊಂಡು ಬಂದವನು ಲ್ಯಾಪ್‌ಟಾಪಿನ ಹಿಂದೆ ನೆಲದ ಮೇಲೆ ಕೂತ. ಅದೇ ಹುಡುಗಿ ಮತ್ತೆ ಕಾಲು ಅಂದಳು. ಅವನ ಹುಬ್ಬು ಮೇಲೇರಿತು.

ಈ ಸಲ ನಾನು ನಗು ನುಂಗಲಿಲ್ಲ.