ಆಣೆ ಬೇಡ, ಗಂಜಿ ಕುಡಿ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತು ಮರೆತಿರದ ಕಾಲದಲ್ಲಿ, ಕಲ್ಲುಗಂಟೆ ಅನ್ನೋ ರಾಜ್ಯವೊಂದಿತ್ತು. ಆ ರಾಜ್ಯದ ಜನಕ್ಕೆ ಆಣೆಯ ಹುಚ್ಚು. ಹಾಲಿಗೆ ನೀರು ಬೆರೆಸಿಲ್ಲ ಅಂತ ಆಣೆ, ಸೊಸೆ ಮೇಲೆ ರೇಗಲ್ಲ ಅಂತ ಆಣೆ, ಮೂಗುತಿ ಕಳೆದರೂ ಆಣೆ, ಸಿಕ್ಕಿದರೂ ಆಣೆ!

ಆ ರಾಜ್ಯದ ಕೋಟೆ ಮೇಲೆ ದಿನಾ ಬೆಳಗ್ಗೆ ಕೊಂಬು ಊದುತ್ತಿದ್ದವನು ಕೆಂಚ. ಅವನ ಕೊಂಬು ಕೇಳಿದರೆ ಕೋಟೆಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಅವನ ಅಕ್ಕ ಪುಟ್ಟೀರಮ್ಮ ಬಾಗಿಲ ಪಕ್ಕದಲ್ಲೇ ರೊಟ್ಟಿ ಸುಟ್ಟು ಮಾರುತ್ತಿದ್ದಳು. ಅಪ್ಪ ಅಮ್ಮ ಇಲ್ಲದ ತಮ್ಮನನ್ನ ಎತ್ತಿ ಆಡಿಸಿದವಳು ಅವಳು. ತಮ್ಮ ಅಂದರೆ ಜೀವ ಬಿಡುತ್ತಿದ್ದಳು.

ಒಂದು ದಿನ ಕೆಂಚ ಕೋಟೆ ಮೆಟ್ಟಿಲಿಂದ ಜಾರಿಬಿದ್ದು ಸೊಂಟ ಮುರಿದುಕೊಂಡ. ಆಗ ಬಂದ ನೋಡಿ, ಕರಿಗುಡ್ಡದ ಮಂತ್ರವಾದಿ ಮಬ್ಬಯ್ಯ. ಬಾಯಲ್ಲಿ ಬೆಲ್ಲದಂಥ ಮಾತು, ಕೈಯಲ್ಲಿ ನೀಲಿ ಹೂವು. "ಒಂದೇ ಒಂದು ಸಲ ಮೂಸಪ್ಪ, ನೋವು ಮಂಗಮಾಯ!" ಅಂದ. ಕೆಂಚ ಮೂಸಿದ. ನೋವು ಹೋಯಿತು, ಹೂವು ಮಾತ್ರ ಹೋಗಲಿಲ್ಲ. ಮರುದಿನ ಎರಡು ಬೇಕಾಯಿತು, ಮರುವಾರ ಹತ್ತು. ಬರಬರುತ್ತಾ ಹೂವು ಸಿಗದಿದ್ದರೆ ಮೈಯೆಲ್ಲ ನಡುಗತೊಡಗಿತು. ಕೊಂಬು ಮೂಲೆ ಸೇರಿತು. ಬಾಗಿಲು ತಳ್ಳೋದಕ್ಕೆ ರಾಜ ಎರಡು ಆನೆ ಕಟ್ಟಬೇಕಾಯಿತು.

ಊರಿಗೆ ಗೊತ್ತಿದ್ದ ಮದ್ದು ಒಂದೇ. ಪುಟ್ಟೀರಮ್ಮ ತಮ್ಮನ ಕೈಲಿ ದೀಪ ಮುಟ್ಟಿಸಿ, ಹೂವು ಮೂಸಲ್ಲ ಅಂತ ಆಣೆ ಮಾಡಿಸಿದಳು. ಮೂರೇ ದಿನಕ್ಕೆ ಮುರಿಯಿತು. ಅರಮನೆಗೆ ಎಳೆದೊಯ್ದು ರಾಜನ ಕತ್ತಿ ಮುಟ್ಟಿಸಿದಳು. ಅದೂ ಮುರಿಯಿತು. ಅದು ಮುರಿದ ಬೆಳಗ್ಗೆ ಕೆಂಚನ ಭುಜದ ಮೇಲೊಂದು ಬೂದುಬಣ್ಣದ ಗರಿ ಎದ್ದಿತ್ತು. ಹೂವು ಮೂಸಲ್ಲ ಅನ್ನೋ ಮೂರನೇ ಆಣೆ ಮುರಿದವನು ಹಕ್ಕಿಯಾಗಿ ಮಬ್ಬಯ್ಯನ ಪಂಜರ ಸೇರುತ್ತಾನೆ ಅನ್ನೋದು ಊರಿಗೆಲ್ಲ ಗೊತ್ತು. ಆಗಲೇ ಮುನ್ನೂರು ಜನ ಹಾಗೆ ಹೋಗಿದ್ದರು.

ಆದರೂ ಊರಗೌಡರು ಬಂದು, "ಈ ಹುಣ್ಣಿಮೆಗೆ ನಿನ್ನ ತಲೆ ಮೇಲೇ ಕೈ ಇಡಿಸಮ್ಮ. ಅಕ್ಕನ ಮೇಲೆ ಪ್ರೀತಿ ಇದ್ದರೆ ಬಿಟ್ಟೇ ಬಿಡ್ತಾನೆ," ಅಂದರು.

ಪ್ರೀತಿ ಇದೆ ಅಂತ ಪುಟ್ಟೀರಮ್ಮನಿಗೆ ಗೊತ್ತು. ಇದ್ದೂ ಬಿಡೋಕಾಗುತ್ತಿಲ್ಲ ಅನ್ನೋದೂ ಗೊತ್ತು. ಹುಣ್ಣಿಮೆಗೆ ಇನ್ನೆರಡು ದಿನ ಇದ್ದಾಗ ಬೆಳಗ್ಗೆ ತಮ್ಮನನ್ನ ಗಾಡಿಗೆ ಹತ್ತಿಸಿಕೊಂಡು, ಹೊಳೆಯಾಚೆಯ ನಾಟಿವೈದ್ಯದ ಸಾಕಮ್ಮಜ್ಜಿ ಹತ್ತಿರ ಹೋದಳು.

"ಅಜ್ಜಿ, ಇವನ ಕೈಲಿ ನೀವೇ ಮುರಿಯೋಕಾಗದಂಥ ಒಂದು ಗಟ್ಟಿ ಆಣೆ ಮಾಡಿಸಿ."

"ಅಯ್ಯೋ ನಿನ್ನ! ನಿನಗೆ ಚಳಿಜ್ವರ ಬಂದಾಗ, 'ಇನ್ಮೇಲೆ ನಡುಗಲ್ಲ' ಅಂತ ಯಾರಾದರೂ ಆಣೆ ಮಾಡಿಸಿದ್ರೇನೇ?"

"ಅದು ಕಾಯಿಲೆ ಅಲ್ವಾ ಅಜ್ಜಿ?"

"ಇದೂ ಕಾಯಿಲೇನೇ ಕಣೇ. ಮೈಗೂ ಹತ್ತಿದೆ, ಮನಸ್ಸಿಗೂ ಹತ್ತಿದೆ. ಇದಕ್ಕೆ ಮದ್ದು ಬೇಕು, ಪಥ್ಯ ಬೇಕು, ಜೊತೆಗೊಬ್ಬರು ಕೂತಿರಬೇಕು. ಆಣೆ ಬೇಕಾಗಿರೋದು ಮಬ್ಬಯ್ಯನಿಗೆ. ಮುರಿಯೋ ಆಣೆಯೇ ಅವನ ಊಟ. ಹುಣ್ಣಿಮೆಗೊಂದು ಮೂರನೇ ಆಣೆ ಬಾಯಿಗೆ ಬೀಳದಿದ್ದರೆ ಅವನು ಬರೀ ಹೊಗೆ." ಅಜ್ಜಿ ಕೆಂಚನ ಕಡೆ ತಿರುಗಿದಳು. "ಬಾ ಮಗ, ಮೊದಲು ಸೊಂಟ ತೋರಿಸು."

ಕೆಂಚ ಗೊಳೋ ಅಂತ ಅತ್ತುಬಿಟ್ಟ. ವರ್ಷದಿಂದ ಒಬ್ಬರೂ ಅವನ ಸೊಂಟದ ವಿಚಾರ ಕೇಳಿರಲಿಲ್ಲ. ಅಕ್ಕನೂ ಕೇಳಿರಲಿಲ್ಲ. ಪುಟ್ಟೀರಮ್ಮನಿಗೆ ನಾಚಿಕೆಯಾಗಿ ತಲೆ ತಗ್ಗಿತು.

ಮೊದಲನೇ ದಿನ ನಡುಕದ ಕರಡಿ ಬಂತು. ಬಂದದ್ದೇ ಕೆಂಚನ ಎದೆ ಮೇಲೆ ಕೂತು ಗದಗದ ಅಲ್ಲಾಡಿಸಿತು. ಪುಟ್ಟೀರಮ್ಮ ಒನಕೆ ಎತ್ತಿಕೊಂಡಳು. "ಅದನ್ನ ಹೊಡೆದರೆ ಏಟು ಬೀಳೋದು ಅವನಿಗೇ," ಅಂತ ಅಜ್ಜಿ ಒನಕೆ ಕಿತ್ತಿಟ್ಟಳು. ಸೊಂಟಕ್ಕೆ ಎಣ್ಣೆ ತಿಕ್ಕಿದಳು, ಕಷಾಯ ಕುಡಿಸಿದಳು, ಕಂಬಳಿ ಹೊದಿಸಿದಳು. ಅಕ್ಕ ಗಳಿಗೆಗೊಂದು ಗುಟುಕು ಗಂಜಿ ಹಾಕುತ್ತಾ ಕೂತಳು. ಸಂಜೆ ಹೊತ್ತಿಗೆ ಕರಡಿಗೆ ಬೇಸರ ಬಂದು ಎದ್ದು ಹೋಯಿತು.

ಎರಡನೇ ದಿನ ನೀಲಿ ಹಾವು ಬಂತು. ಕಿಟಕಿಯಲ್ಲಿ ಹೆಡೆಯಿಟ್ಟು, ಹೂವಿನ ಹಾಡು ಹಾಡಿತು. ಪುಟ್ಟೀರಮ್ಮ ನೀರಿಗೆ ಹೋಗಿ ಬರೋದರೊಳಗೆ ಚಾಪೆ ಖಾಲಿ. ಮಧ್ಯಾಹ್ನ ಕೆಂಚ ಅಂಗಳದಲ್ಲಿ ಬಂದು ನಿಂತ. ಮೈಯೆಲ್ಲ ಹೂವಿನ ವಾಸನೆ.

"ಅಕ್ಕಾ, ಮೂಸಿಬಿಟ್ಟೆ."

ಪುಟ್ಟೀರಮ್ಮ ಓಡಿಹೋಗಿ ಅವನ ಭುಜ ನೋಡಿದಳು. ಇದ್ದದ್ದು ಹಳೇ ಗರಿ ಒಂದೇ. ಮತ್ತೆ ಮತ್ತೆ ತಡವಿ ನೋಡಿದಳು, ಹೊಸದೊಂದೂ ಇರಲಿಲ್ಲ.

"ಆಣೇನೇ ಮಾಡಿಲ್ಲವಲ್ಲ, ಮುರಿಯೋದೇನು?" ಅಂದಳು ಸಾಕಮ್ಮಜ್ಜಿ. "ಕಾಯಿಲೆ ಅಂದಮೇಲೆ ಒಂದೊಂದು ಸಲ ಮರುಕಳಿಸುತ್ತೆ. ಆ ಕಿಟಕಿ ಮುಚ್ಚು, ಚಾಪೆ ಒಲೆ ಹತ್ತಿರ ಹಾಕು. ಬಾ ಮಗ, ಗಂಜಿ ಆರ್ತಾ ಇದೆ."

ಪುಟ್ಟೀರಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ನಕ್ಕಳು, ನಗ್ತಾನೇ ಅತ್ತಳು. ಎಷ್ಟೋ ತಿಂಗಳ ಮೇಲೆ ಅವಳಿಗೆ ಉಸಿರು ಸಲೀಸಾಗಿ ಆಡಿತು.

ಮೂರನೇ ದಿನ, ಹುಣ್ಣಿಮೆ ಸಂಜೆ, ಊರಗೌಡರು ಬಂದರು. ಅವರ ಹೊಟ್ಟೆ ಗುರ್ ಗುರ್ ಅನ್ನುತ್ತಿತ್ತು. "ನಿನ್ನೆ ತಾನೇ ಮೂಸಿದ್ದಾನಂತೆ. ಇನ್ನೂ ನಂಬ್ತೀಯೇನಮ್ಮ? ಒಂದು ಆಣೆ ಮಾಡಿಸಿಕೋ, ನಿಶ್ಚಿಂತೆಯಾಗಿ ಇರಬಹುದು."

ಪುಟ್ಟೀರಮ್ಮನಿಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಆಸೆಯಾಯಿತು. ನಾಳೆ ಏನೋ ಅನ್ನೋ ಭಯದಲ್ಲಿ ಬದುಕೋದು ಸುಮ್ಮನೇನಾ? ಅವಳ ಮುಖ ನೋಡಿ ಕೆಂಚ ತಾನೇ ಎದ್ದು ಅವಳ ತಲೆ ಮೇಲೆ ಕೈ ಎತ್ತಿದ. "ಮಾಡ್ತೀನಿ ಅಕ್ಕ. ನಿನಗಾದರೂ ನೆಮ್ಮದಿ ಸಿಗಲಿ."

ಅವಳು ಆ ಕೈಯನ್ನ ಗಾಳಿಯಲ್ಲೇ ಹಿಡಿದು ಕೆಳಗಿಳಿಸಿ, ಅದರಲ್ಲಿ ಗಂಜಿ ಬಟ್ಟಲಿಟ್ಟಳು.

"ಬೇಡ ಕಣೋ. ಇವತ್ತು ಮೂಸಿದೆಯಾ?"

"ಇಲ್ಲ ಅಕ್ಕ."

"ಅಷ್ಟು ಸಾಕು. ನಾಳೇದು ನಾಳೆ ಕೇಳ್ತೀನಿ. ಕುಡಿ."

"ಹಸಿವು! ಹಸಿವು!" ಅಂತ ಗೌಡರು ಕಿರುಚಿದರು. ಮೀಸೆ ಕಳಚಿತು, ಪೇಟ ಕಳಚಿತು, ಒಳಗಿಂದ ಮಬ್ಬಯ್ಯ ಹೊರಬಿದ್ದ. ನೋಡನೋಡುತ್ತಾ ಸೊರಗಿ, ಒಲೆಯ ಹೊಗೆ ಜೊತೆ ಸೇರಿ ಹೋದ.

ಕರಿಗುಡ್ಡದ ಪಂಜರಗಳು ತೆರೆದುಕೊಂಡವು. ಮುನ್ನೂರು ಹಕ್ಕಿಗಳು ಮುನ್ನೂರು ಜನರಾಗಿ, ಗಡಗಡ ನಡುಗುತ್ತಾ ಊರಿಗೆ ಬಂದರು. ಮಾಯೆ ಹೋಗಿತ್ತು, ಕಾಯಿಲೆ ಹೋಗಿರಲಿಲ್ಲ. ರಾಜ ಸಂಭ್ರಮದಿಂದ, "ಎಲ್ಲರ ಕೈಲೂ ಆಣೆ..." ಅಂತ ಶುರುಮಾಡಿದ. ಸಾಕಮ್ಮಜ್ಜಿ ಕಣ್ಣು ಕೆಕ್ಕರಿಸಿದಳು. ರಾಜ ನಾಲಗೆ ಕಚ್ಚಿಕೊಂಡು ಅಜ್ಜಿ ಕೇಳಿದ ಜಾಗದಲ್ಲಿ ದೊಡ್ಡದೊಂದು ಆರೈಕೆಮನೆ ಕಟ್ಟಿಸಿದ.

ಕೆಂಚ ಆಮೇಲೂ ಎರಡು ಸಲ ಎಡವಿದ. ಎರಡು ಸಲವೂ ಒಲೆ ಹತ್ತಿರ ವಾಪಸ್ ಬಂದ. ಒಂದು ಬೆಳಗ್ಗೆ ಗರಿ ತಾನಾಗಿಯೇ ಉದುರಿ ಚಾಪೆ ಮೇಲೆ ಬಿದ್ದಿತ್ತು. ಅದೇ ಬೆಳಗ್ಗೆ ಕೋಟೆ ಮೇಲೆ ಕೊಂಬಿನ ದನಿ ಕೇಳಿತು. ಬಾಗಿಲು ತಾನಾಗಿ ತೆರೆಯಿತು. ಆನೆಗಳೆರಡೂ ಮಿಕಿಮಿಕಿ ನೋಡಿದವು. ಪುಟ್ಟೀರಮ್ಮ ಮೇಲೆ ನೋಡುತ್ತಾ ನಿಂತು ಹೆಂಚಿನ ರೊಟ್ಟಿಯನ್ನೆಲ್ಲ ಸೀಯಿಸಿದಳು, ಸೀದ ರೊಟ್ಟಿಯನ್ನೇ ಊರವರೆಲ್ಲ ಕೇಳಿ ತಿಂದರು.

ಅಂದಿನಿಂದ ಕಲ್ಲುಗಂಟೆಯಲ್ಲಿ ಯಾರೂ ಯಾರ ಕೈಲೂ ಆಣೆ ಮಾಡಿಸಲಿಲ್ಲ. "ಇವತ್ತು ಹೇಗಿದ್ದೀಯಪ್ಪ?" ಅಂತ ಕೇಳುತ್ತಾ, ಬಟ್ಟಲು ಮುಂದಿಟ್ಟು, ಎಲ್ಲರೂ ಸುಖವಾಗಿ ಬಾಳಿದರು. ಅವರ ಗಂಜಿ ಅವರಿಗೆ ಬಿಸಿಯಾಗಿತ್ತು, ನಮ್ಮ ಗಂಜಿ ನಮಗೆ ಬಿಸಿಯಾಗಿರಲಿ.